ಎಕ್ಸ್‌ಪ್ರೆಸ್ಸನ ಗುರುವಾರಗಳು

"ಅತ್ತಿಗೆ, ಬಾಗಿಲು ತೆಗೀರಿ. ನಾನೊಬ್ಬನೇ ಬರ್ತೀನಿ, ಬೇರೆ ಯಾರನ್ನೂ ಬಿಡಲ್ಲ."

"ಬೇಡ ಅಂದ್ನಲ್ಲ."

ಟೈಲರಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಊರಿ ನಿಂತಿದ್ದಳು. ಮಲಗುವ ಕೋಣೆಯ ಚಿಲಕ ಕಿತ್ತುಬಂದು ಎಷ್ಟೋ ಕಾಲವಾಗಿತ್ತು. ಸರಿಮಾಡಿಸಿ, ಸರಿಮಾಡಿಸಿ ಎಂದು ಇವಳು ಬಾಯಿ ಬಡಕೊಂಡಿದ್ದೇ ಬಂತು, ಗಂಡ ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಗಂಡ ಈಗ ಯಾವ ಚಿಂತೆಯೂ ಇಲ್ಲದೆ ಮಂಚದ ಮೇಲೆ ಮಲಗಿದ್ದ. ಚಿಲಕದ ಕೆಲಸ ಇವಳ ಬೆನ್ನಿಗೆ ಬಿದ್ದಿತ್ತು.

ಹೊರಗೆ ನಿಂತಿದ್ದವನು ಕಂಡಕ್ಟರ್. ಅವನೂ ಇವಳ ಗಂಡನೂ ಅರ್ಧ ಆಯಸ್ಸನ್ನು ಒಂದೇ ಬಸ್ಸಿನಲ್ಲಿ ಕಳೆದವರು. ಅವನು ಸೀಟಿ ಊದಿದರೆ ಇವನು ಬ್ರೇಕು ಒತ್ತುತ್ತಿದ್ದ, ಅದೂ ಮನಸ್ಸಿದ್ದರೆ.

"ಡಿಪೋದವರೆಲ್ಲ ಆಸೆಪಟ್ಟಿದಾರೆ ಅತ್ತಿಗೆ. ಅವನ ಹಳೇ ಯೂನಿಫಾರ್ಮ್ ಇಸ್ತ್ರಿ ಮಾಡಿಸ್ಕೊಂಡು ತಂದಿದೀನಿ. ಡ್ರೈವರ್ ಆಗೇ ಹೋಗ್ಲಿ ಅವನು. ಭಾರದ ಆಳು, ನಿಮ್ಮೊಬ್ಬರ ಕೈಲಿ ಆಗಲ್ಲ."

"ಆಗುತ್ತೆ. ಕೊಡಿ ಇಲ್ಲಿ."

ಬಾಗಿಲನ್ನು ಒಂದು ಕೈ ತೂರುವಷ್ಟು ತೆರೆದು, ಹ್ಯಾಂಗರ್ ಸಮೇತ ಬಟ್ಟೆ ಒಳಕ್ಕೆಳೆದುಕೊಂಡು, ಮತ್ತೆ ಬೆನ್ನು ಕೊಟ್ಟಳು. ಆಚೆಯಿಂದ ನಾದಿನಿಯ ದನಿ ಕೇಳಿತು. ಇವಳಿಗೆ ಕೇಳಲೆಂದೇ ಎತ್ತಿದ ದನಿ.

"ನೋಡಿದ್ರಾ? ಸತ್ತ ಮೇಲಾದ್ರೂ ನಮ್ಮಣ್ಣನ್ನ ಬಿಡ್ತಾಳಾ ಅಂದ್ರೆ, ಊಹೂಂ. ಬದುಕಿದ್ದಾಗ ಬಸ್ ಬಿಡಿಸಿದ್ಳು, ಈಗ ಸ್ನೇಹಿತರು ಮುಟ್ಟೋದಕ್ಕೂ ಬಿಡಲ್ಲ."

ಟೈಲರಮ್ಮ ಹಲ್ಲು ಕಚ್ಚಿಕೊಂಡಳು. ಹೊಲಿಗೆ ಮೆಷಿನ್ನನ್ನು ದರದರ ಎಳೆದು ಬಾಗಿಲಿಗೆ ಅಡ್ಡ ನಿಲ್ಲಿಸಿ ಮಂಚದ ಹತ್ತಿರ ಬಂದಳು.

ಭಾರದ ಆಳು, ನಿಜ. ಒಂದು ಪಕ್ಕಕ್ಕೆ ಹೊರಳಿಸಿ ಒಂದು ಕಾಲು, ಇನ್ನೊಂದು ಪಕ್ಕಕ್ಕೆ ಹೊರಳಿಸಿ ಇನ್ನೊಂದು ಕಾಲು ತೂರಿಸುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. "ಸ್ವಲ್ಪ ಸೊಂಟ ಎತ್ತಬಾರದಾ?" ಎಂದು ಬಾಯಿ ತಪ್ಪಿ ಕೇಳಿಯೂಬಿಟ್ಟಳು. ಅದಕ್ಕೂ ಸಿಟ್ಟು ಬಂತು.

ಎಡಗಡೆ, ಹೊಕ್ಕುಳಿನ ಪಕ್ಕದಲ್ಲಿ, ಚರ್ಮದ ಬಣ್ಣದ ಚೀಲ. ಹೊಟ್ಟೆಯ ಮೇಲೆ ತಂದು ಹೊಲಿದ ಕರುಳಿನ ತುದಿಯನ್ನು ಅದು ಮುಚ್ಚಿಕೊಂಡಿತ್ತು; ಮಲ ಬಂದು ಬೀಳುತ್ತಿದ್ದದ್ದು ಅದರೊಳಕ್ಕೇ. ನಿನ್ನೆ ಎದೆ ಹಿಡಿದುಕೊಂಡು ಬಿದ್ದಾಗ ಒಯ್ದಿದ್ದ ಊರಿನ ಆಸ್ಪತ್ರೆಯವರು ಹಳೆಯದನ್ನು ಹಾಗೇ ಬಿಟ್ಟು ಕಳಿಸಿದ್ದರು. ಬೆಳಿಗ್ಗೆ ಅವಳೇ ಅದನ್ನು ಬಿಡಿಸಿ, ಸುತ್ತಲಿನ ಚರ್ಮ ಒರೆಸಿ, ಹೊಸದು ಅಂಟಿಸಿದ್ದಳು. ಆಪರೇಷನ್ ಆದ ಹೊಸತರಲ್ಲಿ ನರ್ಸ್ ಇವಳಿಗೂ ಈ ಕೆಲಸ ಕಲಿಸಿಕೊಟ್ಟಿದ್ದಳು. ಕಲಿತದ್ದನ್ನು ಮಾಡಲು ಅವಕಾಶ ಸಿಕ್ಕಿದ್ದು ಇವತ್ತೇ ಮೊದಲು. ಬದುಕಿದ್ದಾಗ ಅವನು ಒಂದು ದಿನವೂ ಅದಕ್ಕೆ ಇವಳ ಕೈ ತಾಗಗೊಟ್ಟವನಲ್ಲ.

ಪ್ಯಾಂಟಿನ ಸೊಂಟಪಟ್ಟಿ ಸರಿಯಾಗಿ ಚೀಲದ ನಡುವಿಗೇ ಬರುತ್ತಿತ್ತು. ಕತ್ತರಿ ತಂದು ಹಿಂದಿನ ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಮೇಲಕ್ಕೆ ಸರಿಸಿ, ನಾಲ್ಕು ಟಾಕು ಹಾಕಿದಳು. ಅವನ ಪ್ಯಾಂಟುಗಳನ್ನೆಲ್ಲ ಅವಳು ಹೀಗೇ ಬಿಚ್ಚಿ ಹೊಲಿದುಕೊಟ್ಟಿದ್ದಳು. ಅಂಗಿಯನ್ನು ಒಳಗೆ ಸೇರಿಸದೆ ಹೊರಗೆ ಇಳಿಬಿಟ್ಟಳು. ಎಲ್ಲ ಆದ ಮೇಲೆ ಸ್ವಲ್ಪ ದೂರ ನಿಂತು ನೋಡಿದಳು. ಏನೂ ಕಾಣುತ್ತಿರಲಿಲ್ಲ.

"ನಾನು ಸತ್ರೂ ಯಾರಿಗೂ ಗೊತ್ತಾಗಬಾರದು, ಆಯ್ತಾ?" ಎಂದು ಮಾತು ತೆಗೆದುಕೊಂಡಿದ್ದ ಮಹಾನುಭಾವ. ಕೊಟ್ಟಿದ್ದಳು. ಬೇರೆ ಏನು ಕೇಳಿದರೂ ಕೊಡುತ್ತಿದ್ದಳೇನೋ. ಅವನಿಗೆ ಬೇಕಾಗಿದ್ದು ಇದೊಂದೇ.

* * *

ಅವನಿಗೆ ಎಕ್ಸ್‌ಪ್ರೆಸ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಊರಿನ ಡಿಪೋದಿಂದ ಬೆಟ್ಟದಾಚೆಯ ಕೊನೇ ಸ್ಟಾಪಿನ ತನಕ ಅವನು ಬಸ್ಸಿಗೆ ಕೂತರೆ ನಿಲ್ದಾಣ ಬಿಟ್ಟು ಬೇರೆಲ್ಲೂ ನಿಲ್ಲಿಸುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಯಾರಾದರೂ ಮುಖ ಹಿಂಡಿಕೊಂಡು ಬಂದು, "ಸಾರ್, ಸ್ವಲ್ಪ ಅರ್ಜೆಂಟು, ಒಂದು ನಿಮಿಷ ನಿಲ್ಸಿ" ಎಂದರೆ, "ಹೊರಡೋ ಮೊದಲು ನೆನಪಾಗಲಿಲ್ವಾ?" ಎಂದು ಗೇರು ಬದಲಾಯಿಸುತ್ತಿದ್ದ. ತಾನೂ ಇಳಿಯುತ್ತಿರಲಿಲ್ಲ. "ತಡ್ಕೊಳ್ಳೋಕಾಗದೇ ಇದ್ರೆ ಎಂಥಾ ಗಂಡಸು?" ಎಂದು ಮನೆಯಲ್ಲೂ ಹೇಳುತ್ತಿದ್ದ. ಟೈಲರಮ್ಮ ನಗುತ್ತಿದ್ದಳು. ಆಗ ಅದು ನಗುವ ಮಾತೇ ಆಗಿತ್ತು.

ರಕ್ತ ಹೋಗಲು ಶುರುವಾದದ್ದನ್ನೂ ಅವನು ತಡೆದುಕೊಂಡ. ಇವಳಿಗೆ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಕೊನೆಗೆ ಬಟ್ಟೆ ಒಗೆಯುವಾಗ ಇವಳ ಕಣ್ಣಿಗೆ ಬಿದ್ದು, ಕೈಹಿಡಿದು ಎಳೆದುಕೊಂಡು ಹೋಗಬೇಕಾಯಿತು. ಅದೂ ಊರಿನ ಆಸ್ಪತ್ರೆ ಬೇಡವೆಂದು ಹಟ. ಕೊನೇ ಸ್ಟಾಪಿನ ಊರಿನ ದೊಡ್ಡ ಆಸ್ಪತ್ರೆಗೇ ಹೋದರು. ಕರುಳಿನ ಕ್ಯಾನ್ಸರ್, ಕೆಳಭಾಗ ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತೆ, ಚೀಲ ಮಾತ್ರ ಜೀವನಪೂರ್ತಿ ಎಂದು ಡಾಕ್ಟರು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಬಸ್ ಓಡಿಸ್ಬಹುದಾ?"

"ಧಾರಾಳವಾಗಿ. ಚೇತರಿಸ್ಕೊಂಡ ಮೇಲೆ ಏನೂ ತೊಂದರೆಯಿಲ್ಲ. ನಡುವೆ ಒಂದೆರಡು ಕಡೆ ನಿಲ್ಲಿಸ್ಕೋಬೇಕು, ಅಷ್ಟೇ."

ಆ 'ಅಷ್ಟೇ' ಅವನಿಗೆ ಆಗಲಿಲ್ಲ. ಅಲ್ಸರ್ ಆಪರೇಷನ್ ಎಂದು ಎಲ್ಲರಿಗೂ ಹೇಳಿ, ತಿಂಗಳುಗಟ್ಟಲೆ ರಜೆ ಹಾಕಿ, ಡಿಪೋಗೆ ವಾಪಸ್ ಹೋದವನು ಕಳೆದುಹೋದ ಸಾಮಾನಿನ ಕೌಂಟರ್ ಕೇಳಿ ಹಾಕಿಸಿಕೊಂಡ. ಪ್ರಯಾಣಿಕರು ಬಸ್ಸಿನಲ್ಲಿ ಮರೆತ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ ಕಾಯುವ ಕೆಲಸ. ಕೌಂಟರಿನ ಪಕ್ಕದಲ್ಲೇ ಬಾಗಿಲು ಭದ್ರವಾದ ಒಂದು ಪಾಯಿಖಾನೆ ಇತ್ತೆಂಬುದನ್ನು ಯಾರೂ ಗಮನಿಸಲಿಲ್ಲ. ಯಾಕಯ್ಯಾ ಹೀಗೆ ಮಾಡ್ದೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ, "ಹೆಂಡ್ತಿ ಬಿಡ್ತಿಲ್ಲ ಕಣಯ್ಯಾ" ಎಂದನಂತೆ.

ಅಲ್ಲಿಂದ ಮುಂದೆ ಎಲ್ಲಕ್ಕೂ ಅದೇ ಉತ್ತರವಾಯಿತು. ಸ್ನೇಹಿತರ ಜೊತೆ ಈಜಲು ಹೋಗಲಿಲ್ಲ, ಹೆಂಡತಿ ಬಿಡಲಿಲ್ಲ. ಯಾರ ಮನೆಯಲ್ಲೂ ರಾತ್ರಿ ಉಳಿಯಲಿಲ್ಲ, ಹೆಂಡತಿ ಬಿಡಲಿಲ್ಲ. ಎಲ್ಲರೂ ಕೂತು ಹರಟುವಾಗ ಅರ್ಧಕ್ಕೇ ಎದ್ದು ಹೋದ, ಹೆಂಡತಿ ಕಾಯುತ್ತಿದ್ದಳು. ಬಿಡದ ಹೆಂಡತಿ ಮನೆಯಲ್ಲಿ ಕೂತು ಬೇರೆಯವರ ಬಟ್ಟೆ ಹೊಲಿಯುತ್ತ, ಬಚ್ಚಲಿನ ಬಾಗಿಲು ನೋಡುತ್ತಿದ್ದಳು. ಅವನು ಒಳಗೆ ಹೋದರೆ ನಲ್ಲಿ ಜೋರಾಗಿ ತಿರುಗಿಸಿ ಗಂಟೆಗಟ್ಟಲೆ ಹೊರಗೆ ಬರುತ್ತಿರಲಿಲ್ಲ. ಮನೆಯಲ್ಲಾಗಲಿ ಡಿಪೋದಲ್ಲಾಗಲಿ ಊಟಕ್ಕೆ ಕೂತಾಗ ಚೀಲ ಸಣ್ಣಗೆ ಸದ್ದು ಮಾಡಿದರೆ ಕೆಮ್ಮುತ್ತಿದ್ದ. ಇವಳು ಕೇಳಿಸದವಳ ಹಾಗೆ ಪಾತ್ರೆ ಸದ್ದು ಮಾಡಬೇಕಿತ್ತು. ರಾತ್ರಿ ಬೇರೆ ಮಂಚ.

"ಎಷ್ಟು ದಿನ ಹೀಗೆ?" ಎಂದು ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು.

"ನಾನಿನ್ನು ಗಂಡಸಲ್ಲ ಬಿಡು."

"ಗಂಡಸುತನ ಏನು ಕರುಳಿನ ತುದೀಲಿ ಇಟ್ಕೊಂಡಿದ್ರಾ? ಡಾಕ್ಟರು ಅದನ್ನೂ ಕತ್ತರಿಸಿ ಬಿಸಾಕಿದ್ರಾ?"

ಅವನು ನಗಲಿಲ್ಲ. ಅಂಗಿ ಕೆಳಗೆಳೆದುಕೊಂಡು ಎದ್ದುಹೋದ.

* * *

ಹೆಣವನ್ನು ಹೊರಗಿನ ಹಾಲಿಗೆ ತಂದು ತಗ್ಗು ಬೆಂಚಿನ ಮೇಲೆ ಮಲಗಿಸಿದರು. ಕಂಡಕ್ಟರ್ ತಲೆಯಿಂದ ಕಾಲಿನವರೆಗೆ ನೋಡಿ, ಕಣ್ಣೊರೆಸಿಕೊಂಡು, ಆಮೇಲೆ ತಪ್ಪು ಹುಡುಕಿದ.

"ಅತ್ತಿಗೆ, ಅಂಗಿ ಇನ್‌ಶರ್ಟ್ ಮಾಡ್ಬೇಕಿತ್ತು. ಯೂನಿಫಾರ್ಮಲ್ಲಿ ಅವನು ಯಾವತ್ತೂ ಅಂಗಿ ಹೊರಗೆ ಬಿಟ್ಟೋನಲ್ಲ."

"ಇರ್ಲಿ."

"ನಾನು ಸರಿಮಾಡ್ಲಾ?"

"ಇರ್ಲಿ ಅಂದ್ನಲ್ಲಪ್ಪಾ! ಎಷ್ಟು ಸಲ ಹೇಳ್ಬೇಕು?"

ಹಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾದಿನಿ ಮೂಗು ಮುರಿದಳು. ಡಿಪೋದ ಡ್ರೈವರುಗಳು, ಮೆಕ್ಯಾನಿಕ್ಕುಗಳು ಗೋಡೆಗೊರಗಿ ನಿಂತಿದ್ದರು. ಸೆಕೆಗೆ ಯಾರೋ ನಿಲ್ಲುವ ಫ್ಯಾನೊಂದನ್ನು ತಂದು ಕಾಲಿನ ಕಡೆ ಇಟ್ಟಿದ್ದರು. ವ್ಯಾನು ಬರುವುದು ಇನ್ನೂ ತಡವಿತ್ತು.

ಟೈಲರಮ್ಮ ತಲೆಯ ಹತ್ತಿರ ಕುರ್ಚಿಯಲ್ಲಿ ಕೂತು, ಬಂದವರ ಕಣ್ಣುಗಳನ್ನು ನೋಡಿದಳು. ಎಲ್ಲರೂ ಒಂದು ಸಲ ಹೆಣದ ಕಡೆ, ಒಂದು ಸಲ ಇವಳ ಕಡೆ, ಆಮೇಲೆ ಗೇಟಿನ ಕಡೆ ನೋಡುತ್ತಿದ್ದರು. ಗೇಟಿನಲ್ಲಿ ಹೆಜ್ಜೆ ಸದ್ದಾದರೆ ಕುತ್ತಿಗೆಗಳೆಲ್ಲ ಒಟ್ಟಿಗೇ ತಿರುಗುತ್ತಿದ್ದವು.

"ಆಕೆಗೆ ಸುದ್ದಿ ಮುಟ್ಟಿದೆಯಂತಾ?" ಎಂದಳು ಪಕ್ಕದ ಮನೆಯಾಕೆ, ಪಿಸುಮಾತು ಎಂದುಕೊಂಡು.

"ಮುಟ್ಟದೇ ಇರುತ್ತಾ? ಬರ್ತಾಳೆ ನೋಡಿ. ಇಷ್ಟು ವರ್ಷದ ಸಂಬಂಧ."

"ಬಂದ್ರೆ ಇವಳು ಒಳಗೆ ಬಿಡ್ತಾಳಾ?"

ಇವಳು ಎದುರಿಗೇ ಕೂತಿದ್ದಳು. ಹೆಂಡತಿ ಎದುರಿಗಿದ್ದರೂ ಇಲ್ಲದ ಹೆಂಗಸಿಗಾಗಿ ಊರು ಕಾಯುತ್ತಿತ್ತು. ಎದ್ದು ನಿಂತು ಕಿರುಚಬೇಕು ಅನ್ನಿಸಿತು ಅವಳಿಗೆ. ಯಾರೂ ಬರಲ್ಲ ಕಣ್ರೇ, ಹೋಗಿ, ನಿಮ್ನಿಮ್ಮ ಮನೆಗೆ ಹೋಗಿ ಒಲೆ ಹಚ್ಚಿ.

* * *

ಆ ಹೆಂಗಸು ಹುಟ್ಟಿದ್ದು ಕಂಡಕ್ಟರನ ತಲೆಯಲ್ಲಿ. ಗಂಡ ಎರಡು ವಾರಕ್ಕೊಮ್ಮೆ ಗುರುವಾರ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ತಾನು ಓಡಿಸುತ್ತಿದ್ದ ಬಸ್ಸಿನಲ್ಲೇ ಪ್ರಯಾಣಿಕನಾಗಿ ಕೂತು ಕೊನೇ ಸ್ಟಾಪಿಗೆ ಹೋಗುತ್ತಿದ್ದ. ಅಲ್ಲಿನ ಆಸ್ಪತ್ರೆಯಲ್ಲಿ ಚೆಕಪ್ಪು. ಸಂಜೆ ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟಿ ಹಾಕಿಕೊಂಡು ಕೂತಿರುತ್ತಿದ್ದನಂತೆ. ಕಂಡಕ್ಟರ್ ಒಂದು ದಿನ ಪಕ್ಕದಲ್ಲಿ ಕೂತು ಭುಜಕ್ಕೆ ಭುಜ ತಾಗಿಸಿ, "ಯಾರಯ್ಯಾ ಅದು?" ಎಂದ. ಇವನು ಏನೂ ಹೇಳದೆ ಕಿಟಕಿಯಾಚೆ ನೋಡಿ ಮುಗುಳ್ನಕ್ಕು, "ನಿಮ್ಮತ್ತಿಗೆಗೆ ಹೇಳ್ಬೇಡ" ಎಂದ.

ಆ ಸಂಜೆ ಮನೆಗೆ ಬಂದು ಅದನ್ನು ಇವಳಿಗೇ ವರದಿ ಒಪ್ಪಿಸಿದ. ಬಹಳ ಕಾಲದ ಮೇಲೆ ಅವನ ಮುಖದಲ್ಲಿ ಹಳೆಯ ಕಳೆ ಬಂದಿತ್ತು.

"ಅವನೇ ಹೆಣ್ಣು ಅಂದ್ಕೊಂಡ. ನಾನು ಹೌದು ಅನ್ಲಿಲ್ಲ ಕಣೆ. ಇಲ್ಲ ಅಂತಾನೂ ಅನ್ಲಿಲ್ಲ."

ಟೈಲರಮ್ಮನ ಕೈಯಲ್ಲಿದ್ದ ಬಟ್ಟೆ ಸೂಜಿಯ ಕೆಳಗೆ ಸಿಕ್ಕಿಕೊಂಡಿತು. "ತಲೆ ನೆಟ್ಟಗಿದೆಯೇನ್ರೀ ನಿಮಗೆ? ನಾಳೆ ಊರೆಲ್ಲ ಹಬ್ಬುತ್ತೆ. ಅಳತೆ ಕೊಡೋಕೆ ಬರೋ ಹೆಂಗಸರೆಲ್ಲ ನನ್ನ ನೋಡಿ ಅಯ್ಯೋ ಪಾಪ ಅಂತಾರೆ. ನನ್ನ ಗತಿ ಏನು?"

"ಸ್ವಲ್ಪ ದಿನ. ಮರೀತಾರೆ."

"ಅಲ್ಲಾ, ಹೆಣ್ಣಿದಾಳೆ ಅಂದ್ರೆ ಮರ್ಯಾದೆ, ಚೀಲ ಇದೆ ಅಂದ್ರೆ ಅವಮಾನವಾ?"

ಅವನು ಇವಳನ್ನು ರೇಗಿಸಲು ಅಲ್ಲ, ನಿಜವಾಗಿಯೂ ಯೋಚಿಸಿ, "ಹೌದು" ಎಂದ.

ಊರು ಮರೆಯಲಿಲ್ಲ. ಡಿಪೋದಲ್ಲಿ ಛತ್ರಿ ಕಾಯುವವನಿಗೆ ಮತ್ತೆ ಗತ್ತು ಬಂತು. ಹುಡುಗ ಡ್ರೈವರುಗಳು ಕಣ್ಣು ಮಿಟುಕಿಸಿ ನಮಸ್ಕಾರ ಹೊಡೆಯತೊಡಗಿದರು. ಇಲ್ಲಿ ಪಕ್ಕದ ಮನೆಯಾಕೆ ರವಿಕೆಯ ಅಳತೆ ಕೊಡುತ್ತ, "ಗಂಡನ್ನ ಸ್ವಲ್ಪ ಪ್ರೀತಿಯಿಂದ ನೋಡ್ಕೊಳ್ಳಿ ಟೈಲರಮ್ಮ, ಸಿಡುಕಿದ್ರೆ ಗಂಡಸರು ಹೊರಗೆ ಹುಡುಕ್ತಾರೆ" ಎಂದು ಬುದ್ಧಿ ಹೇಳಿದಳು. ಅಳತೆ ಟೇಪನ್ನು ಆಕೆಯ ಕುತ್ತಿಗೆಗೆ ಸುತ್ತಬೇಕು ಅನ್ನಿಸಿದ್ದನ್ನು ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನುಗಳ ಜೊತೆಗೇ ತಡೆದುಕೊಂಡಳು.

* * *

ಗೇಟು ಕಿರ್ರೆಂದಿತು. ಕುತ್ತಿಗೆಗಳು ತಿರುಗಿದವು. ಈ ಸಲ ತಿರುಗಿದವು ವಾಪಸ್ ಬರಲಿಲ್ಲ.

ನಡುವಯಸ್ಸಿನ ಹೆಂಗಸೊಬ್ಬಳು, ಕೈಯಲ್ಲಿ ಬಿಳಿ ಹೂವಿನ ಗೊಂಚಲು ಹಿಡಿದು ಒಳಗೆ ಬಂದಳು. ಬಸ್ಸಿನಲ್ಲಿ ದೂರ ಬಂದವರ ಹಾಗೆ ಸೀರೆ ಮುದುಡಿತ್ತು. ಟೈಲರಮ್ಮನಿಗೆ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಆಸ್ಪತ್ರೆಯಲ್ಲಿ ಚೀಲ ಅಂಟಿಸುವುದನ್ನು ಕಲಿಸಿಕೊಟ್ಟ ನರ್ಸ್. ಇವತ್ತಿನ ಗುರುವಾರ ಅವರು ಬರುವುದಿಲ್ಲ, ತೀರಿಕೊಂಡರು ಎಂದು ನಿನ್ನೆ ಇವಳೇ ಅಲ್ಲಿಗೆ ಫೋನ್ ಮಾಡಿ ಹೇಳಿದ್ದಳು. ಆಕೆ ಹೊರಟು ಬರುತ್ತಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇವಳು ಏಳುವಷ್ಟರಲ್ಲಿ ನಾದಿನಿ ಬಾಗಿಲಿಗೆ ಅಡ್ಡ ನಿಂತಾಗಿತ್ತು.

"ಯಾರು ಬೇಕಿತ್ತು?"

"ಡ್ರೈವರ್ ಅವರನ್ನ ಒಂದ್ಸಲ ನೋಡಿ ಹೋಗೋಣ ಅಂತ ಬಂದೆ."

"ಎಲ್ಲಿಂದ?"

"ಕೊನೇ ಸ್ಟಾಪಿನ ಊರಿಂದ."

ಹಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಸರಿದರು.

"ನಮ್ಮಣ್ಣ ಹೇಗೆ ಪರಿಚಯ?"

ನರ್ಸ್ ತಡವರಿಸಿದಳು. "ತುಂಬಾ ವರ್ಷದ ಪರಿಚಯ. ಗುರುವಾರ ಬರ್ತಿದ್ರು. ಇವತ್ತೂ ಗುರುವಾರ ಅಲ್ವಾ, ಅದಕ್ಕೇ..." ಕಣ್ಣು ತುಂಬಿತು. ಇದಕ್ಕಿಂತ ಕೆಟ್ಟ ಉತ್ತರವನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

"ನಾಚಿಕೆ ಆಗಲ್ವಾ ನಿಮಗೆ? ಹೆಂಡ್ತಿ ಕೂತಿದಾಳೆ ಇಲ್ಲಿ!" ನಾದಿನಿ ಹೂವು ಕಿತ್ತುಕೊಂಡಳು. ಹೆಂಡತಿಯ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಅಭಿಮಾನ ಬಂದಿತ್ತು.

"ಬಿಡೇ ಅವರನ್ನ!" ಟೈಲರಮ್ಮ ಎದ್ದು ಬಂದಳು. "ಅವರು ಆಸ್ಪತ್ರೆ ಸಿಸ್ಟರ್. ನರ್ಸು."

"ಅಲ್ಸರ್ ಆಪರೇಷನ್ ಆಗಿ ಎಷ್ಟು ವರ್ಷ ಆಯ್ತು ಅತ್ತಿಗೆ? ಇನ್ನೂ ಗುರುವಾರ ಗುರುವಾರ ಯಾವ ನರ್ಸು? ನೀವ್ಯಾಕೆ ಇವಳನ್ನ ವಹಿಸ್ಕೊಂಡು ಬರ್ತೀರಾ?"

ಟೈಲರಮ್ಮನೊಳಗೆ ಏನೋ ಕಿತ್ತುಕೊಂಡು ಬಂತು. ಇಷ್ಟು ವರ್ಷ ಬಾಯಿಗೆ ಹಾಕಿದ್ದ ಹೊಲಿಗೆಯೆಲ್ಲ ಒಂದೇ ಸಲ ಬಿಚ್ಚಿತು.

"ಅಲ್ಸರ್ ಅಲ್ಲ ಕಣೇ, ಕ್ಯಾನ್ಸರ್! ಕರುಳು ಕತ್ತರಿಸಿ ಹೊಟ್ಟೆ ಮೇಲೆ ಚೀಲ ಹಾಕಿದ್ರು. ಸಾಯೋವರೆಗೂ ಅದ್ರಲ್ಲೇ ಹೋಗ್ತಿದ್ರು ನಿಮ್ಮಣ್ಣ. ಅದಕ್ಕೇ ಬಸ್ ಬಿಟ್ಟಿದ್ದು, ಅದಕ್ಕೇ ಛತ್ರಿ ಕಾಯ್ತಾ ಕೂತಿದ್ದು. ನಾನು ಬಿಡಿಸಿದ್ದಲ್ಲ. ಯಾವ ಹೆಂಗಸೂ ಇರ್ಲಿಲ್ಲ, ಕೇಳಿಸ್ಕೊಳ್ಳಿ ಎಲ್ಲಾರೂ. ಚೀಲ ಇತ್ತು, ಚೀಲ!"

ಮಾತು ಕೊಟ್ಟಿದ್ದು ಮುರಿಯಿತು, ಇನ್ನೇನು ಆಗುತ್ತದೋ ಆಗಲಿ ಎಂದು ಅವಳು ಎದೆ ಗಟ್ಟಿಮಾಡಿಕೊಂಡು ನಿಂತಳು.

ಏನೂ ಆಗಲಿಲ್ಲ. ಕಂಡಕ್ಟರ್ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದ. "ಅತ್ತಿಗೆ, ನೀವು ಕೂತ್ಕೊಳ್ಳಿ. ನೀರು ಕುಡೀರಿ."

"ಪಾಪ," ಎಂದಳು ಪಕ್ಕದ ಮನೆಯಾಕೆ. "ಗಂಡನ ಮಾನ ಕಾಪಾಡೋಕೆ ಏನೇನು ಕಟ್ಟಿ ಹೇಳ್ಬೇಕು ನೋಡಿ. ದೊಡ್ಡ ಮನಸ್ಸು."

ಗೋಡೆಗೊರಗಿದ್ದ ಮುದಿ ಡ್ರೈವರೊಬ್ಬ ಮೀಸೆಯಡಿಯಲ್ಲಿ, "ನಮ್ಮ ಎಕ್ಸ್‌ಪ್ರೆಸ್ಸಿಗೆ ಚೀಲವಂತೆ!" ಎಂದ. ಪಕ್ಕದವ ನಗು ತಡೆಯಲು ಮುಖ ತಿರುಗಿಸಿದ.

ನಂಬಲಿಲ್ಲ! ಒಬ್ಬರೂ ನಂಬಲಿಲ್ಲ! ಅವನ ಸುಳ್ಳು ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ ನಿಜವನ್ನು ನಡುಮನೆಯಲ್ಲಿ ತಂದು ಸುರಿದರೂ ಅದಕ್ಕೆ ಏನೂ ಆಗಲಿಲ್ಲ. ಟೈಲರಮ್ಮ ನರ್ಸಿನ ಕಡೆ ತಿರುಗಿದಳು.

"ನೀವೇ ಹೇಳಿ ಸಿಸ್ಟರ್. ಹೇಳ್ರೀ!"

ನರ್ಸ್ ತಲೆ ತಗ್ಗಿಸಿದಳು. "ಆಸ್ಪತ್ರೆಗೆ ಬರೋರ ವಿಷಯ ನಾವು ಹೊರಗೆ ಹೇಳೋ ಹಾಗಿಲ್ಲಮ್ಮ. ಅದರಲ್ಲೂ ಅವರು ಯಾರಿಗೂ ಹೇಳ್ಬಾರ್ದು ಅಂತ ಮಾತು ತಗೊಂಡಿದ್ರು."

"ಮಾತು ತಗೊಂಡಿದ್ನಂತೆ! ಕೇಳಿದ್ರಾ?" ಎಂದಳು ನಾದಿನಿ.

ಟೈಲರಮ್ಮ ನರ್ಸಿನ ಮುಂಗೈ ಹಿಡಿದು ಎಳೆದುಕೊಂಡು ಮಲಗುವ ಕೋಣೆಗೆ ಹೋಗಿ, ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟಳು.

"ಊರಿಗೆ ಬೇಡ, ನನಗೆ ಹೇಳ್ಬಹುದಲ್ಲ? ನಾನು ಹೆಂಡ್ತಿ. ಇಷ್ಟು ವರ್ಷ ಆದ್ಮೇಲೂ ಎರಡು ವಾರಕ್ಕೊಂದು ಚೆಕಪ್ಪು ಯಾಕೆ ಬೇಕಿತ್ತು?"

ನರ್ಸ್ ಅಚ್ಚರಿಯಿಂದ ನೋಡಿದಳು. "ಚೆಕಪ್ಪಿಗೆ ವರ್ಷಕ್ಕೊಂದು ಸಲ ಬಂದ್ರೆ ಸಾಕಿತ್ತು. ನಿಮಗೆ ಹೇಳಿರ್ಲಿಲ್ವಾ? ಅವರು ಬರ್ತಿದ್ದದ್ದು ಹೊಸಬರ ಜೊತೆ ಕೂರೋಕೆ."

"ಯಾವ ಹೊಸಬರು?"

"ಹೊಸದಾಗಿ ಚೀಲ ಹಾಕಿಸ್ಕೊಂಡ ಗಂಡಸರು. ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾರೆ, ಯಾರ ಜೊತೆಗೂ ಮಾತಾಡಲ್ಲ. ಇವರು ಹೋಗಿ ಪಕ್ಕದಲ್ಲಿ ಕೂತು, ಅಂಗಿ ಎತ್ತಿ ತೋರಿಸೋರು. 'ನೋಡಯ್ಯಾ, ನಾನು ಲಾಂಗ್ ರೂಟ್ ಡ್ರೈವರು. ಇವನು ನನ್ನ ಹೊಸ ಕಂಡಕ್ಟರು. ತನಗೆ ಬೇಕಾದಾಗ ಸೀಟಿ ಊದ್ತಾನೆ, ನಾನು ನಿಲ್ಲಿಸ್ಲೇಬೇಕು' ಅನ್ನೋರು. ಇಡೀ ವಾರ್ಡು ನಗೋದು. ಅವರ ಹೆಂಡ್ತಿಯರನ್ನೂ ಕರೆದು, 'ದೂರ ಮಲಗಿಸ್ಬೇಡಿ ಇವನನ್ನ, ಪಕ್ಕದಲ್ಲೇ ಮಲಗಿಸ್ಕೊಳ್ಳಿ' ಅನ್ನೋರು."

ಬೇರೆಯವರ ಹೆಂಡತಿಯರಿಗೆ ಹೇಳಿದನಂತೆ. ಊರಿನವರೆಲ್ಲ ಇಷ್ಟು ವರ್ಷ ಅಯ್ಯೋ ಪಾಪ ಎಂದಾಗ ಟೈಲರಮ್ಮನಿಗೆ ಸಿಟ್ಟು ಬಂದಿತ್ತೇ ಹೊರತು ಹೊಟ್ಟೆಕಿಚ್ಚು ಬಂದಿರಲಿಲ್ಲ. ಇಲ್ಲದ ಹೆಂಗಸಿನ ಮೇಲೆ ಎಂಥ ಹೊಟ್ಟೆಕಿಚ್ಚು? ಅದು ಈಗ ಬಂತು. ಈ ಮುದುಡಿದ ಸೀರೆಯ ನರ್ಸಿನ ಮೇಲೆ, ಮುಖ ನೋಡಿರದ ಗಂಡಸರ ಮೇಲೆ, ಆ ವಾರ್ಡಿನ ಗೋಡೆಗಳ ಮೇಲೆ ಬಂತು.

"ಅಲ್ಲಿ ಅಂಗಿ ಎತ್ತಿ ತೋರಿಸ್ತಿದ್ರಾ? ಇಲ್ಲಿ ನಾನು ಬಾಗಿಲು ತಟ್ಟಿದ್ರೆ ನಲ್ಲಿ ಜೋರು ಮಾಡ್ತಿದ್ರು ಆ ಮನುಷ್ಯ."

"ನಿಮ್ಮ ಮುಂದೆ ಮಾತ್ರ ಆಗಲ್ಲ ಅಂತಿದ್ರು. ನಿಮ್ಮ ಕಣ್ಣಲ್ಲಿ ತಾನಿನ್ನೂ ಬಸ್ ಓಡಿಸ್ತಾ ಇರ್ಬೇಕು ಅಂತ."

"ಬಸ್ ಓಡಿಸೋವಾಗ ಅವರು ಮನೇಲೇ ಇರ್ತಿರ್ಲಿಲ್ಲ! ಆ ಡ್ರೈವರ್ ನನಗೇನು ಮಾಡೋಕೆ ಬೇಕಿತ್ತು? ಮನೇಲಿರೋ ಗಂಡ ಬೇಕಿತ್ತು ನನಗೆ." ಈಗ ಅವಳು ಅತ್ತಳು. ಬೆಳಗಿನಿಂದ ಮೊದಲ ಸಲ, ಜೋರಾಗಿ, ಮೂಗು ಸೆರಗಿಗೆ ಒರೆಸಿಕೊಳ್ಳುತ್ತ ಅತ್ತಳು.

ಅಳು ಸ್ವಲ್ಪ ತಗ್ಗಿದ ಮೇಲೆ ನರ್ಸ್ ಹೇಳಿದಳು. "ನಾನು ಹೇಳೋ ಹಾಗಿಲ್ಲ. ನೀವು ತೋರಿಸ್ಬಹುದು. ಎರಡು ಗುಂಡಿ ಬಿಚ್ಚಿದ್ರೆ ಮುಗೀತು, ಎಲ್ಲರ ಬಾಯೂ ಮುಚ್ಚುತ್ತೆ. ನನ್ನ ಚಿಂತೆ ಬೇಡ, ನಾನು ಸಂಜೆ ಬಸ್ಸಿಗೆ ಹೋಗ್ತೀನಿ. ಇಲ್ಲಿರೋರು ನೀವು."

ಟೈಲರಮ್ಮ ಬಾಗಿಲು ತೆಗೆದು ನೇರ ಹಾಲಿಗೆ ನಡೆದಳು. ಜನ ತಾವಾಗಿ ದಾರಿ ಬಿಟ್ಟರು. ಹೆಣದ ಎಡಗಡೆ ಮೊಣಕಾಲೂರಿ ಕೂತು, ಯೂನಿಫಾರ್ಮಿನ ಕೆಳಗಿನ ಗುಂಡಿಗೆ ಕೈಯಿಟ್ಟಳು. ಬಿಚ್ಚಿದಳು. ಅದರ ಮೇಲಿನದಕ್ಕೆ ಬೆರಳು ಹೋಯಿತು.

ಆಗ ಎದುರಿಗಿದ್ದ ಕಂಡಕ್ಟರ್ ಕಣ್ಣಿಗೆ ಬಿದ್ದ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಇವಳ ಕೈ ಹೋದ ಜಾಗವನ್ನೇ ನೋಡುತ್ತಿದ್ದ. ಅರ್ಧಕ್ಕೆ ಎದ್ದುಹೋದ ಹರಟೆಗಳು, ಆ ಕೆಮ್ಮು, ಪಾಯಿಖಾನೆಯ ಪಕ್ಕದ ಕೌಂಟರು ಒಂದೊಂದಾಗಿ ಅವನಿಗೆ ಜೋಡಣೆಯಾಗುತ್ತಿದ್ದುದು ಅವಳಿಗೆ ಕಂಡಿತು. ಅವನು ನಂಬಿದ್ದ. ನಂಬಿದವನು ಬಾಯಿಬಿಟ್ಟು ಹೇಳಬಾರದೇ? ಹೇಳಲಿಲ್ಲ. ಬೇಡ ಎಂದು ಅವಳೊಬ್ಬಳಿಗೆ ಮಾತ್ರ ಕಾಣುವಷ್ಟು ತಲೆಯಾಡಿಸಿದ, ಎರಡು ಕೈ ಜೋಡಿಸಿದ.

ಇವನೂ ಅಷ್ಟೇ! ಥೂ, ಎಲ್ಲ ಒಂದೇ ಡಿಪೋದವರು ಎಂದುಕೊಂಡಳು. ಗಂಡನ ಮುಖ ನೋಡಿದಳು. ಅವನ ಮೇಲೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಇನ್ಯಾರ ಮೇಲೂ ಬಂದಿರಲಿಲ್ಲ, ಅಷ್ಟೊಂದು ಪ್ರೀತಿಯೂ ಬೇರೆ ಯಾರ ಮೇಲೂ ಇರಲಿಲ್ಲ. ಎರಡರಲ್ಲಿ ಯಾವುದಕ್ಕೂ ಅವನು ಇನ್ನು ಉತ್ತರ ಕೊಡುವ ಹಾಗಿರಲಿಲ್ಲ.

ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿದಳು.

"ಇನ್ನೊಂದು ಕುರ್ಚಿ ತಗೊಂಬಾ," ಎಂದಳು ಕಂಡಕ್ಟರಿಗೆ. ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳಿಗೆ ಆ ಮರ್ಯಾದೆ ಇವತ್ತು ಸಾಕೆನಿಸಿತ್ತು. ಅವನು ಓಡಿಹೋಗಿ ತಂದ. "ಈ ಕಡೆ ಹಾಕು, ಎಡಗಡೆ." ಬಾಗಿಲಲ್ಲಿ ನಿಂತಿದ್ದ ನರ್ಸಿನ ಕೈಹಿಡಿದು ತಂದು ಅದರ ಮೇಲೆ ಕೂರಿಸಿದಳು. ನಾದಿನಿಯ ಕೈಯಿಂದ ಹೂವು ಇಸಕೊಂಡು ಆಕೆಗೇ ಕೊಟ್ಟಳು. ತಾನು ಬಲಗಡೆ ಬಂದು ತನ್ನ ಕುರ್ಚಿಯನ್ನು ತಲೆಯ ಹತ್ತಿರದಿಂದ ಸೊಂಟದ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಅತ್ತಿಗೆ, ಏನ್ ಮಾಡ್ತಿದೀರಾ?" ಎಂದಳು ನಾದಿನಿ, ದನಿಯೇ ಇಲ್ಲದೆ.

"ಬಾಯ್ಮುಚ್ಕೊಂಡು ಕೂರು."

ಡಿಪೋದ ಗಂಡಸರು ಒಬ್ಬೊಬ್ಬರಾಗಿ ಬಂದು ಕೊನೆಯ ನಮಸ್ಕಾರ ಹೇಳಿದರು. ಎಕ್ಸ್‌ಪ್ರೆಸ್ಸಿಗೆ ಕೈಮುಗಿದು, ಬಲಗಡೆಯವಳಿಗೆ ಕೈಮುಗಿದು, ಸ್ವಲ್ಪ ತಡೆದು ಎಡಗಡೆಯವಳಿಗೂ ಮುಗಿದರು. ಮುದಿ ಡ್ರೈವರ್ ಹೆಣವನ್ನು ನೋಡಿದ ನೋಟದಲ್ಲಿ ಅಸೂಯೆ ಚೆನ್ನಾಗಿಯೇ ಕಾಣುತ್ತಿತ್ತು.

ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿ ಯಾರೋ ಗಡಿಬಿಡಿಯಲ್ಲಿ ಫ್ಯಾನಿಗೆ ಕಾಲು ತಾಗಿಸಿದರು. ಅದರ ಮೂತಿ ಇತ್ತ ತಿರುಗಿತು. ಗಾಳಿ ಕಾಲಿನ ಕಡೆಯಿಂದ ನುಗ್ಗಿ ಅಂಗಿಯ ಅಂಚನ್ನು ಎತ್ತಿತು.

ಎರಡು ಕೈಗಳು ಒಟ್ಟಿಗೇ ಬಂದು ಅದನ್ನು ಒತ್ತಿ ಹಿಡಿದವು. ಎಡಗಡೆ, ಹೊಕ್ಕುಳಿನ ಪಕ್ಕದಲ್ಲಿ, ಕೆಳಗೆ ನರ್ಸಿನ ಕೈ, ಅದರ ಮೇಲೆ ಟೈಲರಮ್ಮನದು. ಬಾಗಿಲಲ್ಲಿ, ಕಿಟಕಿಯಲ್ಲಿ, ಕಾಂಪೌಂಡಿನ ಗೋಡೆಯ ಮೇಲೆ ಕೂತ ಜನ ಕಣ್ಣು ಮಿಟುಕಿಸದೆ ನೋಡಿದರು. ಕಂಡಕ್ಟರ್ ಫ್ಯಾನು ಆರಿಸಿದ. ಗಾಳಿ ನಿಂತ ಮೇಲೂ ಇಬ್ಬರಲ್ಲಿ ಯಾರೂ ಕೈ ತೆಗೆಯಲಿಲ್ಲ.